ನಿಕ್ಸಿ ಗಡಿಯಾರಕ್ಕೆ 180 ವೋಲ್ಟ್ ಸಪ್ಲೈ: ಕೊಳ್ಳೋದಾ, ಕಟ್ಟೋದಾ?

ತುಮಕೂರು_ಟ್ಯೂಬ್‌ಲೈಟ್:
ಎಲ್ಲರಿಗೂ ನಮಸ್ಕಾರ. ಆರು ಐಎನ್-14 ನಿಕ್ಸಿ ಟ್ಯೂಬ್ (ಒಳಗೆ ನಿಯಾನ್ ಹೊತ್ತಿ ಅಂಕೆ ತೋರಿಸೋ ಗಾಜಿನ ಟ್ಯೂಬ್) ಕೈಗೆ ಬಂದಿವೆ, ಸೋವಿಯತ್ ಕಾಲದ ಹಳೇ ಸ್ಟಾಕು. ಜೊತೆಗೆ ಆರು ಕೆ155ಐಡಿ1 ಡ್ರೈವರ್ ಐಸಿ, ಟ್ಯೂಬಿನ ಅಂಕೆಗಳನ್ನ ಆನ್ ಆಫ್ ಮಾಡೋವು. ಆರ್ಡುಯಿನೋ ನ್ಯಾನೋ ಕಂಟ್ರೋಲರ್ ಬೋರ್ಡ್, ಸಮಯ ಹೇಳೋ ಡಿಎಸ್3231 ಚಿಪ್ ಎರಡೂ ಮಾತಾಡ್ತಿವೆ, ಕೋಡ್ ರೆಡಿ. ಈಗ ಗಾಡಿ ನಿಂತಿರೋದು ಹೈ ವೋಲ್ಟೇಜ್ ಹತ್ರ.

ಆನ್‌ಲೈನಲ್ಲಿ ಎಲ್ಲಾ ಕಡೆ ಸಿಗೋ "8–32 ವೋಲ್ಟ್ ಇನ್‌ಪುಟ್, 45–390 ವೋಲ್ಟ್ ಔಟ್‌ಪುಟ್" ಮಾಡ್ಯೂಲ್ ತಗೊಳ್ಳಲಾ? ವೋಲ್ಟೇಜ್ ಏರಿಸೋ ಎಂಸಿ34063 ಐಸಿ ಜೊತೆ ಐಆರ್‌ಎಫ್740 ಮಾಸ್‌ಫೆಟ್ (ಸ್ವಿಚ್ ಥರ ಕೆಲಸ ಮಾಡೋ ಟ್ರಾನ್ಸಿಸ್ಟರ್) ಹಾಕಿ ನಾನೇ ಕಟ್ಟಲಾ? ಇಲ್ಲಾ ಅದೇ ಕೆಲಸದ ಇನ್ನೊಂದು ಐಸಿ ಮ್ಯಾಕ್ಸ್1771ಗೆ ಹೋಗಲಾ? ನನ್ನ ರೂಂಮೇಟ್ ಪ್ರಕಾರ ಇದ್ಯಾವುದೂ ಬೇಡ, ಸೊಳ್ಳೆ ಬ್ಯಾಟ್ ಬಿಚ್ಚಿ ಒಳಗಿನ ಬೋರ್ಡ್ ತೆಗೆದ್ರೆ ಮುಗೀತು.

ಯುಎಸ್‌ಬಿ 5 ವೋಲ್ಟಲ್ಲೇ ನಡೆಸ್ಬೇಕು ಅಂತ ಆಸೆ. ಇನ್ನೊಂದು, ಒಬ್ಬರು 170 ವೋಲ್ಟ್ ಅಂತಾರೆ, ಒಬ್ಬರು 180, ಮತ್ತೊಬ್ಬ ಪುಣ್ಯಾತ್ಮ 200 ಅಂದ. ಯಾವುದನ್ನ ನಂಬೋದು?

ಹೊಗೆ_ಬಂತು:
ಸೊಳ್ಳೆ ಬ್ಯಾಟ್ 😂 ರೂಂಮೇಟ್ ಬದಲಾಯಿಸಿ ಮೊದಲು.

ವಾಲ್ವ್_ಅಜ್ಜ:
ಯಾವ ಐಸಿ ಅನ್ನೋ ಜಗಳ ಆಮೇಲೆ. ಮೊದಲು ಲೆಕ್ಕ ಹಾಕಪ್ಪ.

ಐಎನ್-14 ಹೊತ್ತಿಕೊಳ್ಳೋಕೆ ಸುಮಾರು 170 ವೋಲ್ಟ್ ಬೇಕು. ಒಳಗಿನ ನಿಯಾನ್ ಒಮ್ಮೆ ಹೊತ್ತಿಕೊಂಡ ಮೇಲೆ ಟ್ಯೂಬಿನ ಎರಡು ತುದಿ ನಡುವೆ ನಿಲ್ಲೋದು 140ರ ಆಸುಪಾಸು ಮಾತ್ರ. ಉಳಿದ ವೋಲ್ಟೇಜನ್ನ ಆನೋಡ್ (ಟ್ಯೂಬಿನ ಪ್ಲಸ್ ತುದಿ) ರೆಸಿಸ್ಟರ್ ನುಂಗುತ್ತೆ, ಕರೆಂಟ್ ತೀರ್ಮಾನ ಆಗೋದೂ ಅಲ್ಲೇ. ಒಂದು ಟ್ಯೂಬಿಗೆ 2.5 ಮಿಲಿಆಂಪ್ ಅಂದುಕೋ. ಸಪ್ಲೈ 180 ಇದ್ರೆ 40 ವೋಲ್ಟನ್ನ 2.5 ಮಿಲಿಆಂಪಿಂದ ಭಾಗಿಸು, 16 ಕಿಲೋ ಓಮ್. ಅಂಗಡೀಲಿ 15ಕೆ, 18ಕೆ ಸಿಗುತ್ತೆ, ಎರಡರಲ್ಲಿ ಯಾವುದಾದ್ರೂ ಹಾಕು. 18ಕೆ ಹಾಕಿದ್ರೆ ಬೆಳಕು ಒಂಚೂರು ಕಮ್ಮಿ, ಆಯುಸ್ಸು ಒಂಚೂರು ಜಾಸ್ತಿ.

ಆರು ಟ್ಯೂಬಿಗೆ ಒಟ್ಟು 15 ಮಿಲಿಆಂಪ್. 180 ವೋಲ್ಟಿಗೆ ಗುಣಿಸಿದ್ರೆ 2.7 ವ್ಯಾಟ್. ನಿನಗೆ ಬೇಕಾಗಿರೋದು ಇಷ್ಟೇ. ಮಾಡ್ಯೂಲ್ ಮೇಲೆ 40 ವ್ಯಾಟ್ ಅಂತ ಬರೆದಿದ್ರೆ ಬಾಯಿ ಬಿಡಬೇಡ, ನಿನಗೆ ಅದರ ಹತ್ತರಲ್ಲಿ ಒಂದು ಪಾಲೂ ಬೇಕಾಗಿಲ್ಲ.

ಇನ್ನು 170ಆ, 180ಆ, 200ಆ ಅನ್ನೋದು. ಒಂದೇ ಡಬ್ಬೀಲಿ ಬಂದ ಟ್ಯೂಬ್‌ಗಳಲ್ಲೂ ಆ 140 ಒಂದರಲ್ಲಿ 138, ಇನ್ನೊಂದರಲ್ಲಿ 148 ಇರುತ್ತೆ. 170 ವೋಲ್ಟಿಗೆ 12ಕೆ ಹಾಕಿದ್ದೀಯ ಅನ್ಕೋ. ಟ್ಯೂಬಿನ ವೋಲ್ಟೇಜ್ 10 ಏರಿದ್ರೆ ಕರೆಂಟ್ 2.5ರಿಂದ 1.7ಕ್ಕೆ ಬೀಳುತ್ತೆ, ಒಂದು ಅಂಕೆ ಮಂಕು ಅಂತ ಕಣ್ಣಿಗೇ ಗೊತ್ತಾಗುತ್ತೆ. 200 ವೋಲ್ಟಿಗೆ 24ಕೆ ಹಾಕಿದ್ರೆ ಅದೇ 10 ವೋಲ್ಟ್ ವ್ಯತ್ಯಾಸಕ್ಕೆ 2.1ಕ್ಕೆ ಮಾತ್ರ ಇಳಿಯುತ್ತೆ. ಅಂದ್ರೆ ಸಪ್ಲೈ ಎತ್ತರ ಇದ್ದಷ್ಟೂ ಟ್ಯೂಬ್‌ಗಳು ಸಮನಾಗಿ ಉರಿಯುತ್ತವೆ. ಆ 200ರ ಪುಣ್ಯಾತ್ಮ ದಡ್ಡನೇನಲ್ಲ.

ಓಮ್_ಶಾಂತಿ:
ಅಜ್ಜ ಹೇಳಿದ್ದು ಸರಿ, ಆದ್ರೆ ಕೆ155ಐಡಿ1 ಇರೋವಾಗ 200ಕ್ಕೆ ಹೋಗೋದು ಬೇಡ. ಆ ಐಸಿಯ ಆಫ್ ಆಗಿರೋ ಔಟ್‌ಪುಟ್ ಸುಮಾರು 60 ವೋಲ್ಟಿಗಿಂತ ಮೇಲೆ ಏರೋಕೆ ಬಿಡಲ್ಲ. ಅಂಕೆ ಉರೀತಿರೋವಾಗ ಆನೋಡ್ 140ರಲ್ಲೇ ಇರುತ್ತಲ್ಲ, ಆಗ ತೊಂದರೆ ಇಲ್ಲ. ಎಲ್ಲಾ ಅಂಕೆ ಆರಿಸಿದಾಗ ಆನೋಡ್ ಪೂರ್ತಿ ಸಪ್ಲೈಗೆ ಏರುತ್ತೆ. 200ರಲ್ಲಿ 60 ಕಳೆದ್ರೆ ಟ್ಯೂಬಿಗೆ 140 ಉಳೀತು. ಅಷ್ಟಕ್ಕೇ ಕೆಲವು ಟ್ಯೂಬ್ ಆರೋದೇ ಇಲ್ಲ, ಅಂಕೆಗಳ ಸುತ್ತ ಮಬ್ಬುಮಬ್ಬಾಗಿ ಕೆಂಪು ಹಬ್ಬುತ್ತೆ. ಎಂಪಿಎಸ್‌ಎ42 ಥರದ 300 ವೋಲ್ಟ್ ಟ್ರಾನ್ಸಿಸ್ಟರ್‌ನಲ್ಲಿ ಒಂದೊಂದು ಕ್ಯಾಥೋಡ್ (ಅಂದ್ರೆ ಒಂದೊಂದು ಅಂಕೆ) ಡ್ರೈವ್ ಮಾಡೋರಿಗೆ 200 ಪರವಾಗಿಲ್ಲ. ಇವರಿಗೆ 180 ಸಾಕು.

ವಾಲ್ವ್_ಅಜ್ಜ:
ಒಪ್ಪಿದೆ. 180.

ಕರಾವಳಿ_ಕಪ್ಪೆಸಿಟರ್:
5 ವೋಲ್ಟಿಂದ ಮಾಡ್ತೇನೆ ಅಂತ ಹೇಳಿದ್ದು ಯಾರು ಮಾರಾಯ್ರೇ? ಆಗ್ಲಿಕ್ಕೆ ಆಗ್ತದೆ, ಆದ್ರೆ ಯಾಕೆ ಬೇಕು ಆ ಉಪದ್ರ?

ಸಾದಾ ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಅಂದ್ರೆ ಇಷ್ಟೇ ಉಂಟು: ಮಾಸ್‌ಫೆಟ್ ಆನ್ ಆದಾಗ ಇಂಡಕ್ಟರಿಗೆ (ವೈರ್ ಸುತ್ತಿದ ಕಾಯಿಲ್) ಕರೆಂಟ್ ತುಂಬ್ತದೆ, ಆಫ್ ಆದ ತಕ್ಷಣ ಆ ಶಕ್ತಿ ಎಲ್ಲ ಡಯೋಡ್ ದಾಟಿ ಔಟ್‌ಪುಟ್ ಕೆಪಾಸಿಟರಿಗೆ ಹೋಗ್ತದೆ. 100 ಮೈಕ್ರೋಹೆನ್ರಿ ಇಂಡಕ್ಟರಿನಲ್ಲಿ 1.1 ಆಂಪ್ ತುಂಬಿಸ್ಲಿಕ್ಕೆ 12 ವೋಲ್ಟಿಗೆ ಸುಮಾರು 9 ಮೈಕ್ರೋಸೆಕೆಂಡ್ ಸಾಕು. 5 ವೋಲ್ಟಿಗೆ 22 ಬೇಕು. ಖಾಲಿ ಆಗ್ಲಿಕ್ಕೆ ಹಿಡಿಯುವುದು ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ. ಆನ್-ಆಫ್ ವೇಗ 60 ಕಿಲೋಹರ್ಟ್ಸ್ ಅಂದ್ಕೊಂಡ್ರೆ ಒಂದು ಸುತ್ತಿಗೆ ಇರುವುದೇ 16.6 ಮೈಕ್ರೋಸೆಕೆಂಡ್. ಈಗ ನೀವೇ ಹೇಳಿ, 22 ಎಲ್ಲಿ ಹಿಡಿಸ್ತದೆ? ಇಂಡಕ್ಟರ್ ಸಣ್ಣದು ಮಾಡಿದ್ರೆ ಕರೆಂಟ್ ಏರ್ತದೆ, ಮಾಸ್‌ಫೆಟ್ ಬಿಸಿ ಆಗ್ತದೆ. ಅದೂ ಅಲ್ಲದೆ ಐಆರ್‌ಎಫ್740ಗೆ ಗೇಟಿನಲ್ಲಿ (ಅದನ್ನು ಆನ್ ಮಾಡುವ ಕಾಲು) 10 ವೋಲ್ಟ್ ಕೊಟ್ರೆ ಮಾತ್ರ ಸರಿಯಾಗಿ ತೆರೆಯುವುದು. 5 ಕೊಟ್ರೆ ಅದು ಅರ್ಧ ನಿದ್ದೆಯಲ್ಲಿ ಇರ್ತದೆ.

5 ವೋಲ್ಟೇ ಬೇಕು ಅಂದ್ರೆ ಟ್ರಾನ್ಸ್‌ಫಾರ್ಮರ್ ಹಾಕಿದ ಫ್ಲೈಬ್ಯಾಕ್ ಮಾಡಿ. ಇಲ್ಲದಿದ್ರೆ 12 ವೋಲ್ಟ್ 1 ಆಂಪ್ ಅಡಾಪ್ಟರ್, ಅದ್ರಿಂದ ಆರ್ಡುಯಿನೋಗೆ ಮತ್ತು ಆ ಆರು ಐಸಿಗಳಿಗೆ 5 ವೋಲ್ಟ್ ಇಳಿಸ್ಲಿಕ್ಕೆ ಸಣ್ಣ ಬಕ್ ಮಾಡ್ಯೂಲ್. 7805 ರೆಗ್ಯುಲೇಟರ್ ಹಾಕ್ಬೇಡಿ, ಕೆ155 ಎಲ್ಲ ಹಳೇ ಟಿಟಿಎಲ್ ಜಾತಿ ಐಸಿ, ಕರೆಂಟ್ ಕುಡಿತಾವೆ, 7805 ಬಿಸಿ ಆಗ್ತದೆ.

ಪೇಡಾ_ನಗರಿ:
ಎಂಸಿ34063 ಹಾಕ್ರಿ, ಕಣ್ಣು ಮುಚ್ಚಿ ಹಾಕ್ರಿ. ಯಾವ ಊರಾಗೂ ಸಿಗ್ತೈತಿ, ಒಂದು ಚಹಾದ ರೊಕ್ಕಕ್ಕ ಬರ್ತೈತಿ, ಸುಟ್ರೂ ಮನಸಿಗಿ ಬ್ಯಾಸರಿಲ್ಲ. ನಮ್ಮ ಮನ್ಯಾಗ ಅದರ ಮ್ಯಾಲ ಗಡಿಯಾರ ಹಗಲು ರಾತ್ರಿ ನಡದೈತಿ.

ಆದ್ರ ಒಂದು ಮಾತು ಕೇಳ್ರಿ. ನೆಟ್ಟಿನ್ಯಾಗ ಇರೋ ಅರ್ಧಕ್ಕರ್ಧ ಸರ್ಕ್ಯೂಟಿನ್ಯಾಗ ಮಾಸ್‌ಫೆಟ್ ಗೇಟಿಂದ ಗ್ರೌಂಡಿಗೆ ಬರೇ ಒಂದು 1ಕೆ ರೆಸಿಸ್ಟರ್ ಇರ್ತೈತಿ. 34063 ಒಳಗಿನ ಟ್ರಾನ್ಸಿಸ್ಟರ್ ಗೇಟನ್ನ ಮ್ಯಾಲ ಎಳಿತೈತಿ ಅಷ್ಟ, ಕೆಳಗ ಎಳಿಯಾಂಗಿಲ್ಲ. ಆಫ್ ಆಗೋದು ಆ ರೆಸಿಸ್ಟರಿನ ಮರ್ಜಿ ಮ್ಯಾಲ. ಹಿಂಗಾಗಿ ಮಾಸ್‌ಫೆಟ್ ನಿಧಾನಕ್ಕ ಆಫ್ ಆಗ್ತೈತಿ, ಕಾದು ಕೆಂಡ ಆಗ್ತೈತಿ, ಆಮ್ಯಾಲ ಮಂದಿ ಐಸಿಗೆ ಬೈತಾರ. ಅಲ್ಲೆ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್, ಒಂದು 1ಎನ್4148 ಡಯೋಡ್ ಕೂಡಿಸ್ರಿ. ಗೇಟಿನ ಚಾರ್ಜ್ ಗಪ್ಪನ ಹೊರಗ ಹೋಗ್ತೈತಿ. ಹೀಟ್‌ಸಿಂಕೇ ಬ್ಯಾಡ.

ಸ್ವಿಚಿಂಗ್_ಸೀನಪ್ಪ:
34063 1980ರ ದಶಕದ ಐಸಿ ಗುರು. ಇನ್ನೂ ಎಷ್ಟು ದಿನ ಅದನ್ನೇ ಹೊತ್ಕೊಂಡು ತಿರುಗ್ತೀರ? ಮ್ಯಾಕ್ಸ್1771ರಲ್ಲಿ ಸರಿಯಾದ ಗೇಟ್ ಡ್ರೈವರ್ ಒಳಗೇ ಇದೆ, 300 ಕಿಲೋಹರ್ಟ್ಸ್‌ವರೆಗೆ ಹೋಗುತ್ತೆ, ಎಫಿಷಿಯೆನ್ಸಿ ಆರಾಮಾಗಿ 80 ಪರ್ಸೆಂಟ್ ದಾಟುತ್ತೆ. ನಿಮ್ಮ 34063 ಎಪ್ಪತ್ತು ಮುಟ್ಟಿದ್ರೆ ಹಬ್ಬ.

ಪೇಡಾ_ನಗರಿ:
2.7 ವ್ಯಾಟಿಗೆ 70 ಆದ್ರೇನು 85 ಆದ್ರೇನು ಸೀನಪ್ಪ? ಲೆಕ್ಕಾ ಮಾಡ್ರಿ. 3.9 ವ್ಯಾಟ್, 3.2 ವ್ಯಾಟ್. ಮುಕ್ಕಾಲು ವ್ಯಾಟ್ ಉಳಸಾಕ ಹತ್ತು ಪಟ್ಟು ರೊಕ್ಕ ಕೊಡಾಕ ನಾ ಏನು ಕರೆಂಟ್ ಕಂಪನಿ ಮಾಲಕನೇನು?

ಸ್ವಿಚಿಂಗ್_ಸೀನಪ್ಪ:
ಆ ಮುಕ್ಕಾಲು ವ್ಯಾಟ್ ಮುಚ್ಚಿದ ಮರದ ಡಬ್ಬೀಲಿ ಬಿಸಿಯಾಗಿ ಕೂರುತ್ತೆ ಸರ್. ಪಕ್ಕದಲ್ಲೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತೆ, ಅದರ ಆಯುಸ್ಸು ಕೇಳಿ.

ಓಮ್_ಶಾಂತಿ:
ಇಬ್ಬರದ್ದೂ ಸರಿ, ಜಗಳ ಬೇಡ. ಆದ್ರೆ ಮ್ಯಾಕ್ಸ್1771 ಹೊಸಬರಿಗೆ ಅಂತ ನಾನು ಹೇಳಲ್ಲ. ಅದರ ಕರೆಂಟ್ ಸೆನ್ಸ್ ಪಿನ್ ನೋಡೋದು ಬರೀ 100 ಮಿಲಿವೋಲ್ಟ್ ಲೆಕ್ಕದಲ್ಲಿ. ಗ್ರೌಂಡ್ ಟ್ರಾಕ್ ಒಂದು ಇಂಚು ಸುತ್ತಿ ಬಂದ್ರೂ ಅದಕ್ಕೆ ಗಲಿಬಿಲಿ. ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ, "ಔಟ್‌ಪುಟ್ 60 ವೋಲ್ಟಿಗೇ ನಿಂತಿದೆ, ಐಸಿ ಡೂಪ್ಲಿಕೇಟ್" ಅಂತ ಇಲ್ಲಿ ಬಂದು ಕೂಗಿದವರನ್ನ ಎಷ್ಟು ಜನರನ್ನ ನೋಡಿಲ್ಲ ನಾವು. ಇನ್‌ಪುಟ್ ಕೆಪಾಸಿಟರ್, ಇಂಡಕ್ಟರ್, ಮಾಸ್‌ಫೆಟ್, ಸೆನ್ಸ್ ರೆಸಿಸ್ಟರ್ ನಾಲ್ಕೂ ಒಂದು ಅಂಚೆಚೀಟಿ ಜಾಗದಲ್ಲಿ ಕೂರಬೇಕು, ದಪ್ಪ ಕಾಪರ್ ಇರಬೇಕು. ಪಿಸಿಬಿ ಮಾಡಿಸೋದಾದ್ರೆ ಮಾತ್ರ ಅದಕ್ಕೆ ಕೈ ಹಾಕಿ.

ಹೊಗೆ_ಬಂತು:
ಬ್ರೆಡ್‌ಬೋರ್ಡ್ ಮೇಲೆ 180 ವೋಲ್ಟ್ ಹಾಕೋರಿಗೆ ನನ್ನ ಹೆಸರಿಡಿ.

ರೆಡಿಮೇಡ್_ರಾಜು:
ಯಾಕ್ರಪ್ಪ ಇಷ್ಟು ತಲೆನೋವು? ಅವರು ಮಾಡ್ತಿರೋದು ಗಡಿಯಾರ, ಪವರ್ ಸಪ್ಲೈ ಅಲ್ಲ. ಆ 390 ವೋಲ್ಟ್ ಮಾಡ್ಯೂಲ್ ತಗೊಳ್ಳಿ, ಪ್ರೀಸೆಟ್ (ವೋಲ್ಟೇಜ್ ಹೊಂದಿಸೋ ಸ್ಕ್ರೂ) ತಿರುಗಿಸಿ 180ಕ್ಕೆ ನಿಲ್ಲಿಸಿ, ಟ್ಯೂಬ್ ಹಚ್ಚಿ. ಒಂದು ಸಂಜೆ ಕೆಲಸ.

ತುಮಕೂರು_ಟ್ಯೂಬ್‌ಲೈಟ್:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬೇಗ ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. 5 ವೋಲ್ಟ್ ಕೈಬಿಟ್ಟೆ, 12 ವೋಲ್ಟ್ ಅಡಾಪ್ಟರೇ. ರಾಜು ಹೇಳಿದ್ದು ಕೇಳಿದ್ರೆ ಮಾಡ್ಯೂಲೇ ಸುಲಭ ಅನ್ಸುತ್ತೆ. ಅದರಲ್ಲಿ ತೊಂದರೆ ಏನು?

ಓಮ್_ಶಾಂತಿ:
ತೊಂದರೆ ಆ ಪ್ರೀಸೆಟ್ಟೇ. 45ರಿಂದ 390ರವರೆಗೆ ಒಂದೇ ಸ್ಕ್ರೂ. ಅದು ಬರೋವಾಗ ಎಲ್ಲಿ ನಿಂತಿರುತ್ತೆ ಅಂತ ಹೇಳೋಕಾಗಲ್ಲ. ಮೊದಲ ಸಲ ಆನ್ ಮಾಡೋವಾಗ ಟ್ಯೂಬ್, ಡ್ರೈವರ್ ಯಾವುದನ್ನೂ ಜೋಡಿಸಬೇಡಿ. ಮಲ್ಟಿಮೀಟರ್ ಕ್ಲಿಪ್ ಹಾಕಿ, ಕೈ ದೂರ ಇಟ್ಟು, ಆಮೇಲೆ 12 ವೋಲ್ಟ್ ಕೊಡಿ. 180ಕ್ಕೆ ತಂದ ಮೇಲೆ 12ಕೆ, 5 ವ್ಯಾಟ್ ರೆಸಿಸ್ಟರ್ ಲೋಡ್ ಹಾಕಿ ನೋಡಿ, ಅದು ನಿಮ್ಮ ಆರು ಟ್ಯೂಬಿನ 15 ಮಿಲಿಆಂಪಿಗೆ ಸಮ. ವೋಲ್ಟೇಜ್ ಎರಡು ಮೂರು ವೋಲ್ಟಿಗಿಂತ ಜಾಸ್ತಿ ಬೀಳಬಾರದು. ಸರಿ ಅನ್ಸಿದ್ರೆ ಪ್ರೀಸೆಟ್ ಮೇಲೆ ಒಂದು ಹನಿ ನೈಲ್ ಪಾಲಿಶ್. ಇಲ್ಲಾಂದ್ರೆ ಯಾರೋ ಒಂದು ದಿನ ಸ್ಕ್ರೂ ಡ್ರೈವರ್ ಹಿಡ್ಕೊಂಡು "ಇದೇನಿದು" ಅಂತ ತಿರುಗಿಸ್ತಾರೆ.

ನಿಕ್ಸಿಗೆ ಅಂತಲೇ ಮಾಡಿದ ಸಣ್ಣ ಮಾಡ್ಯೂಲ್‌ಗಳೂ ಇವೆ, ಎನ್‌ಸಿಎಚ್6100ಎಚ್‌ವಿ ಥರದ್ದು. ಅವು ಸ್ಕ್ರೂ ಎಷ್ಟು ತಿರುಗಿಸಿದ್ರೂ 235 ವೋಲ್ಟ್ ಹತ್ರ ನಿಲ್ಲುತ್ತವೆ, 390ಕ್ಕೆ ಹೋಗಲ್ಲ. ಬೆಲೆ ಜಾಸ್ತಿ, ಆದ್ರೆ ಕೊಳ್ಳೋದೇ ಆದ್ರೆ ನನ್ನ ವೋಟು ಅದಕ್ಕೆ.

ಕರಾವಳಿ_ಕಪ್ಪೆಸಿಟರ್:
ಮತ್ತೆ ಆ ದೊಡ್ಡ ಮಾಡ್ಯೂಲಿನ ಔಟ್‌ಪುಟ್ ಕೆಪಾಸಿಟರ್ ನೋಡಿದ್ದೀರಾ? ಬೇಕಾದ್ದಕ್ಕಿಂತ ಎಷ್ಟೋ ದೊಡ್ಡದು. ನಿಕ್ಸಿಗೆ 4.7 ಮೈಕ್ರೋಫ್ಯಾರಡ್ ಧಾರಾಳ ಸಾಕು. 180 ವೋಲ್ಟಿನಲ್ಲಿ ಅದರಲ್ಲಿ ಉಳಿಯುವುದು 0.08 ಜೂಲ್, ತಾಗಿದ್ರೆ ಹಾರಿ ಬೀಳ್ತೀರಿ ಅಷ್ಟೆ. 100 ಮೈಕ್ರೋಫ್ಯಾರಡ್ 390 ವೋಲ್ಟ್ ಅಂದ್ರೆ 7 ಜೂಲ್ ಮೇಲೆ. ಅದು ತಮಾಷೆ ಅಲ್ಲ. ಹಳೇ ಕ್ಯಾಮೆರಾ ಫ್ಲ್ಯಾಶ್ ಬಿಚ್ಚುವವರಿಗೂ ಇದೇ ಮಾತು, 300 ವೋಲ್ಟ್ ಹಿಡ್ಕೊಂಡು ಕೂತಿರ್ತದೆ, ಸ್ವಿಚ್ ಆಫ್ ಮಾಡಿದ್ರೂ.

ಬ್ಯಾಟ್_ಮ್ಯಾನ್:
ಸೊಳ್ಳೆ ಬ್ಯಾಟ್ ಬಗ್ಗೆ ಯಾರೂ ಸರಿಯಾಗಿ ಕಾರಣ ಹೇಳ್ಲಿಲ್ಲ. ನಗೋದು ಸುಲಭ. ಅದರಲ್ಲೂ ಹೈ ವೋಲ್ಟೇಜ್ ಇದೆ ತಾನೆ?

ವಾಲ್ವ್_ಅಜ್ಜ:
ಇದೆ, ಅದೇ ತಾಪತ್ರಯ. ಒಂದು ಟ್ರಾನ್ಸಿಸ್ಟರ್ ಆಸಿಲೇಟರ್, ಸಣ್ಣ ಟ್ರಾನ್ಸ್‌ಫಾರ್ಮರ್, ಮುಂದೆ ಡಯೋಡ್–ಕೆಪಾಸಿಟರ್ ಮಲ್ಟಿಪ್ಲೈಯರ್. ಲೋಡ್ ಇಲ್ಲದಾಗ ಸಾವಿರ ವೋಲ್ಟ್ ದಾಟುತ್ತೆ, ಲೋಡ್ ಹಾಕಿದ ಕೂಡ್ಲೆ ಕುಸಿಯುತ್ತೆ. ಔಟ್‌ಪುಟ್ ಎಷ್ಟಿದೆ ಅಂತ ನೋಡಿ ತಿದ್ದೋ ಫೀಡ್‌ಬ್ಯಾಕ್ ಅಲ್ಲಿ ಇಲ್ಲವೇ ಇಲ್ಲ. ಸೊಳ್ಳೆಗೆ ರೆಗ್ಯುಲೇಶನ್ ಬೇಡ, ನಿಕ್ಸಿಗೆ ಬೇಕು.

ಬ್ಯಾಟ್_ಮ್ಯಾನ್:
ಸರಿ, ಒಪ್ಪಿದೆ. (ಆ ರೂಂಮೇಟ್ ನಾನೇ.)

ಹೊಗೆ_ಬಂತು:
😂😂😂

ನೇರ_ನುಡಿ:
ನೀವೆಲ್ಲ ಸುಮ್ಮನೆ ಸುತ್ತಿ ಬಳಸ್ತಿದ್ದೀರ. ಗೋಡೆಯಲ್ಲೇ 230 ವೋಲ್ಟ್ ಇದೆ. ಒಂದು ಡಯೋಡ್, ಒಂದು ಕೆಪಾಸಿಟರ್, ದೊಡ್ಡ ಆನೋಡ್ ರೆಸಿಸ್ಟರ್. ಹಳೇ ಕಾಲದ ಎಷ್ಟೋ ರೇಡಿಯೋ ಹಂಗೇ ಇದ್ವು.

ವಾಲ್ವ್_ಅಜ್ಜ:
ಬೇಡ. ಕಡ್ಡಿ ಮುರಿದ ಹಾಗೆ ಹೇಳ್ತೀನಿ, ಬೇಡ. 230ನ್ನ ನೇರ ರೆಕ್ಟಿಫೈ ಮಾಡಿದ್ರೆ 325 ವೋಲ್ಟ್ ಬರುತ್ತೆ, ಅದೂ ಭೂಮಿಗೆ ಹೋಲಿಸಿದ್ರೆ ಜೀವಂತ. ಪ್ಲಗ್ ತಿರುಗಿ ಕೂತ್ರೆ, ಇಲ್ಲಾ ವೈರಿಂಗ್ ಮಾಡಿದವನು ಫೇಸ್–ನ್ಯೂಟ್ರಲ್ ಅದಲುಬದಲು ಮಾಡಿದ್ರೆ, ನಿನ್ನ ಸರ್ಕ್ಯೂಟಿನ "ಗ್ರೌಂಡ್" ಅನ್ನೋದೇ ಫೇಸ್. ಆ ಆರ್ಡುಯಿನೋಗೆ ಲ್ಯಾಪ್‌ಟಾಪ್ ಕೇಬಲ್ ಚುಚ್ಚಿದ ಕ್ಷಣ ಏನಾಗುತ್ತೆ ಯೋಚನೆ ಮಾಡು. ಆ ಹಳೇ ಎಸಿ–ಡಿಸಿ ರೇಡಿಯೋಗಳ ನಾಬ್ ಬಿದ್ದುಹೋಗಿ ಬರೀ ಲೋಹದ ಕಡ್ಡಿ ಮುಟ್ಟಿದವರ ಕತೆ ನಮ್ಮ ಕಾಲದವರನ್ನ ಕೇಳು. ಅವುಗಳಿಗೆ ಮರದ ಪೆಟ್ಟಿಗೆ ಮಾಡ್ತಿದ್ದದ್ದು ಬರೀ ಚಂದಕ್ಕಲ್ಲ.

ಸ್ವಿಚಿಂಗ್ ಗದ್ದಲವೇ ಬೇಡ ಅನ್ನೋರು ಎರಡು ಟ್ರಾನ್ಸ್‌ಫಾರ್ಮರ್ ಬೆನ್ನಿಗೆ ಬೆನ್ನು ಕೂರಿಸಿ. ಮೊದಲನೇದು 230ರಿಂದ 15 ವೋಲ್ಟ್, ಎರಡನೇದು 24 ವೋಲ್ಟಿಂದು, ತಿರುಗಿಸಿ ಹಾಕಿದ್ದು. ಲೆಕ್ಕಕ್ಕೆ 143 ವೋಲ್ಟ್ ಎಸಿ, ರೆಕ್ಟಿಫೈ ಮಾಡಿದ್ರೆ 200ರ ಹತ್ರ, ನಷ್ಟ ಕಳೆದು 180ರ ಸುತ್ತಮುತ್ತ ಸಿಗುತ್ತೆ. ಭಾರ ಇರುತ್ತೆ, ಊರಿನ ಲೈನ್ ವೋಲ್ಟೇಜ್ ಕುಣಿದ ಹಾಗೆ ಇದೂ ಕುಣಿಯುತ್ತೆ. ಆದ್ರೆ ಗೋಡೆಯಿಂದ ಬೇರೆಯಾಗಿರುತ್ತೆ.

ನೇರ_ನುಡಿ:
ಸರಿ ಅಜ್ಜ, ಬೈಬೇಡಿ. ಟ್ರಾನ್ಸ್‌ಫಾರ್ಮರ್ ಹಾಕ್ತೀನಿ.

ಪೇಡಾ_ನಗರಿ:
ಕಟ್ಟಾವ್ರಿಗೆ ಡಯೋಡಿನ ಮಾತು ಯಾರೂ ಹೇಳಲಿಲ್ಲ ನೋಡ್ರಿ. 1ಎನ್4007 ಹಾಕಬ್ಯಾಡ್ರಿ! 1000 ವೋಲ್ಟ್ ತಡಿತೈತಿ ಖರೆ, ಆದ್ರ ಅದು 50 ಹರ್ಟ್ಸ್ ಮಂದಿಗೆ ಹುಟ್ಟಿದ್ದು. ಸಾವಿರಗಟ್ಲೆ ಸಲ ಆನ್ ಆಫ್ ಮಾಡಿದ್ರ ಬಾಗಿಲಾ ಹಾಕೂದರಾಗ ತಡಾ ಮಾಡ್ತೈತಿ, ಕೆಪಾಸಿಟರಿಗೆ ಹೋದ ಚಾರ್ಜು ವಾಪಸ್ ಬರ್ತೈತಿ. ಯುಎಫ್4004 ಇಲ್ಲಾ ಎಂಯುಆರ್160 ಹಾಕ್ರಿ, 50 ನ್ಯಾನೋಸೆಕೆಂಡಿನ್ಯಾಗ ಗಪ್ ಅಂತಾವ.

ಇಂಡಕ್ಟರೂ ಅಷ್ಟ. ರೆಸಿಸ್ಟರ್ ಹಂಗ ಕಾಣೋ ಹಸರ ಬಣ್ಣದ 100 ಮೈಕ್ರೋಹೆನ್ರಿ ಚೋಕ್ ಬ್ಯಾಡ. ಸಣ್ಣ ಕರೆಂಟಿಗೇ ಸ್ಯಾಚುರೇಟ್ ಆಗಿ ಬರೇ ವೈರ್ ಆಗಿಬಿಡ್ತೈತಿ. ದಪ್ಪನ ಡ್ರಮ್ ಕೋರ್, 2 ಆಂಪ್ ಮ್ಯಾಲಿಂದು ತರ್ರಿ.

ಸ್ವಿಚಿಂಗ್_ಸೀನಪ್ಪ:
ಇದಕ್ಕೆ ಮಾತ್ರ ನಾನೂ ಪೇಡಾ ಸಾಹೇಬ್ರೂ ಒಂದೇ ಪಕ್ಷ. ಮ್ಯಾಕ್ಸ್1771 ಇರ್ಲಿ 34063 ಇರ್ಲಿ 555 ಇರ್ಲಿ, ಸರ್ಕ್ಯೂಟ್ ಚೆನ್ನಾಗಿ ನಡೆಯೋದು ಕೆಡೋದು ಇಂಡಕ್ಟರ್, ಡಯೋಡ್, ಲೇಔಟ್ ಈ ಮೂರರಲ್ಲಿ. ಮಾಸ್‌ಫೆಟ್ ವಿಷಯಕ್ಕೆ ಬಂದ್ರೆ ಐಆರ್‌ಎಫ್640 ಯಾರೂ ಹಾಕ್ಬೇಡಿ, ಅದು 200 ವೋಲ್ಟಿಂದು. 180 ಔಟ್‌ಪುಟ್ ಅಂದ್ರೆ ಸ್ಪೈಕ್ ಸೇರಿ ಅದರ ತಲೆ ಮೇಲೆ ಹೋಗುತ್ತೆ. ಐಆರ್‌ಎಫ್644 (250 ವೋಲ್ಟ್) ನನ್ನ ಆಯ್ಕೆ, 740ಗಿಂತ ಆನ್ ಆದಾಗಿನ ರೆಸಿಸ್ಟೆನ್ಸ್ ಅರ್ಧ.

ಓಮ್_ಶಾಂತಿ:
ಫೀಡ್‌ಬ್ಯಾಕ್ ರೆಸಿಸ್ಟರ್ ಬಗ್ಗೆ ಒಂದು ಮಾತು ಸೇರಿಸ್ತೀನಿ, ಇದು ಬಹಳ ಜನ ಗಮನಿಸಲ್ಲ. ಔಟ್‌ಪುಟ್ಟನ್ನ ಮೇಲೊಂದು ಕೆಳಗೊಂದು ರೆಸಿಸ್ಟರಲ್ಲಿ ಭಾಗಿಸಿ ಐಸಿಗೆ ತೋರಿಸ್ತೀವಲ್ಲ, ಅದನ್ನ 34063 ತನ್ನೊಳಗಿನ 1.25 ವೋಲ್ಟ್ ರೆಫರೆನ್ಸ್ ಜೊತೆ ಹೋಲಿಸುತ್ತೆ. ಮೇಲೆ 1 ಮೆಗಾ ಓಮ್ ಹಾಕಿದ್ರೆ ಕೆಳಗೆ ಸುಮಾರು 7ಕೆ ಬಂದಾಗ 180 ವೋಲ್ಟ್. ಆ 1 ಮೆಗಾ ಮೇಲೆ ಪೂರ್ತಿ 180 ವೋಲ್ಟ್ ನಿಂತಿರುತ್ತೆ. 0805 ಸೈಜಿನ ಚಿಪ್ ರೆಸಿಸ್ಟರಿಗೆ ಸಾಮಾನ್ಯವಾಗಿ 150 ವೋಲ್ಟ್ ಮಿತಿ, 0603ಗೆ 75. ವ್ಯಾಟ್ ಲೆಕ್ಕ ಮಾತ್ರ ನೋಡಿದ್ರೆ ಇದು ಕಣ್ಣಿಗೇ ಬೀಳಲ್ಲ. ಎರಡು 470ಕೆ ಸಾಲಾಗಿ ಹಾಕಿ, ಕೆಳಗಿನದನ್ನ ಅದಕ್ಕೆ ತಕ್ಕಂತೆ ಹೊಂದಿಸಿ.

ಪ್ರೀಸೆಟ್ ಯಾವಾಗ್ಲೂ ಕೆಳಗಿನ ಭಾಗದಲ್ಲೇ ಇರಲಿ. ಅದರ ಕಾಂಟ್ಯಾಕ್ಟ್ ಬಿಟ್ಟುಹೋದ್ರೆ ಫೀಡ್‌ಬ್ಯಾಕ್ ಪಿನ್ ಮೇಲೆ ಏರಿ ಔಟ್‌ಪುಟ್ ಇಳಿಯುತ್ತೆ. ಮೇಲಿನ ಭಾಗದಲ್ಲಿ ಹಾಕಿ ಅದು ಬಿಟ್ಟುಹೋದ್ರೆ ಐಸಿಗೆ ಔಟ್‌ಪುಟ್ ಸೊನ್ನೆ ಅಂತ ಕಾಣುತ್ತೆ, ಪಂಪ್ ಮಾಡ್ತಾನೇ ಇರುತ್ತೆ, ಕೆಪಾಸಿಟರ್ ಸಿಡಿಯೋವರೆಗೂ.

ತುಮಕೂರು_ಟ್ಯೂಬ್‌ಲೈಟ್:
ಇದು ನಿಜವಾಗ್ಲೂ ಗೊತ್ತಿರ್ಲಿಲ್ಲ. ನಾನು ನೋಡಿದ ಸರ್ಕ್ಯೂಟಲ್ಲಿ ಪ್ರೀಸೆಟ್ ಮೇಲ್ಗಡೆನೇ ಇದೆ.

ಎಎಂ_ಅಭಿಮಾನಿ:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇದನ್ನ ಕಟ್ಟೋರು ರೇಡಿಯೋ ಕೇಳೋರ ಮೇಲೂ ಸ್ವಲ್ಪ ಕರುಣೆ ಇಡಿ. ನಮ್ಮ ಮೇಲಿನ ಮನೆ ಹುಡುಗ ಇಂಥದ್ದೇ ಒಂದು ಮಾಡಿದ್ದಾನೆ. ಬೆಳಿಗ್ಗೆ 612 ಕಿಲೋಹರ್ಟ್ಸ್ ಬೆಂಗಳೂರು ಆಕಾಶವಾಣಿ ಹಾಕಿದ್ರೆ ಹಿಂದಿನಿಂದ ಒಂದೇ ಸಮ ಗುಂಯ್ ಅನ್ನುತ್ತೆ. ಅವನು ಗಡಿಯಾರ ಆಫ್ ಮಾಡಿದ್ರೆ ನಿಲ್ಲುತ್ತೆ. ರಾತ್ರಿ ಧಾರವಾಡ 765 ಹಿಡಿಯೋದಂತೂ ಆಗಲ್ಲ.

ಪೇಡಾ_ನಗರಿ:
ಧಾರವಾಡ ಆಕಾಶವಾಣಿಗೆ ಅಡ್ಡ ಬಂದ್ರ ನಾ ಸುಮ್ಮ ಕೂಡಾಂವ ಅಲ್ಲ 😠

ಸ್ವಿಚಿಂಗ್_ಸೀನಪ್ಪ:
60 ಕಿಲೋಹರ್ಟ್ಸ್ ಸ್ವಿಚಿಂಗ್ ಅಂದ್ರೆ ಅದರ ಹತ್ತನೇ ಹಾರ್ಮೋನಿಕ್ (ಹತ್ತು ಪಟ್ಟು ಫ್ರೀಕ್ವೆನ್ಸಿ) 600. 34063ರ ಫ್ರೀಕ್ವೆನ್ಸಿ ಲೋಡಿಗೆ ತಕ್ಕಂತೆ ತೇಲೋದ್ರಿಂದ 612 ಮೇಲೂ ಬಂದು ಕೂರುತ್ತೆ. ಮಾಸ್‌ಫೆಟ್–ಇಂಡಕ್ಟರ್–ಡಯೋಡ್ ಸೇರೋ ಜಾಗ ಚಿಕ್ಕದಿರಬೇಕು, ಅದೇ ಆಂಟೆನಾ. ಅಡಾಪ್ಟರ್ ವೈರಿಗೆ ಒಂದು ಫೆರೈಟ್ ಮಣಿ, ಇನ್‌ಪುಟ್ಟಿಗೆ ಸಣ್ಣ ಎಲ್‌ಸಿ ಫಿಲ್ಟರ್, ಸುತ್ತ ತಗಡಿನ ಡಬ್ಬಿ. ಡ್ರಮ್ ಕೋರ್ ಬದಲು ಟೊರಾಯ್ಡ್ ಹಾಕಿದ್ರೂ ವ್ಯತ್ಯಾಸ ಗೊತ್ತಾಗುತ್ತೆ.

ಎಎಂ_ಅಭಿಮಾನಿ:
ಧನ್ಯವಾದ. ಫೆರೈಟ್ ಮಣಿ ನಾನೇ ತಂದು ಆ ಹುಡುಗನಿಗೆ ಕೊಡ್ತೀನಿ, ಜಗಳಕ್ಕಿಂತ ಅಗ್ಗ.

ಮಲ್ಲೇಶ್ವರಂ_ಮೀಟರ್:
ಅಜ್ಜ, ನೀವು ವಾಲ್ವ್ ಅಂತ ಹೆಸರಿಟ್ಕೊಂಡಿದ್ದೀರಲ್ಲ, ರೇಡಿಯೋ ವಾಲ್ವ್ ಮಾಡ್ತಿದ್ದ ಬಿಇಎಲ್‌ನಲ್ಲಿ ಇದ್ರಾ?

ವಾಲ್ವ್_ಅಜ್ಜ:
ಇಲ್ಲಪ್ಪ, ಅವರ ವಾಲ್ವ್ ಹಾಕಿ ರೇಡಿಯೋ ರಿಪೇರಿ ಮಾಡ್ತಿದ್ದೆ ಅಷ್ಟೆ. ಬಿಇಎಲ್ ಕಂಪನಿ ಶುರುವಾಗಿದ್ದು 1954ರಲ್ಲಿ, ರಿಸೀವಿಂಗ್ ವಾಲ್ವ್ ಮಾಡೋಕೆ ಹಿಡಿದಿದ್ದು 1961ರಲ್ಲಿ. ಅಮೆರಿಕದ ಬರೋಸ್ ಕಂಪನಿ ನಿಕ್ಸಿ ಟ್ಯೂಬನ್ನ ಮಾರುಕಟ್ಟೆಗೆ ತಂದಿದ್ದು 1950ರ ದಶಕದ ನಡುವೆ. ನಮಗೆ ಆಗ ನಿಕ್ಸಿ ಕಾಣ್ತಿದ್ದದ್ದು ಕಾಲೇಜ್ ಲ್ಯಾಬಿನ ಫ್ರೀಕ್ವೆನ್ಸಿ ಕೌಂಟರ್‌ನಲ್ಲಿ, ಅದೂ ಗಾಜಿನ ಬೀರು ಒಳಗೆ ಬೀಗ ಹಾಕಿಟ್ಟಿದ್ದು. ಮುಟ್ಟೋ ಹಾಗಿಲ್ಲ.

ಹೊಗೆ_ಬಂತು:
ಅಜ್ಜ ಕತೆ ಶುರು ಮಾಡಿದ್ರೆ ಟೀ ತರಿಸ್ಬೇಕು.

ಗ್ಲೋ_ಗೌರಿ:
ವಿಷಯಕ್ಕೆ ವಾಪಸ್ ಬರೋಣ. ನನ್ನ ಗಡಿಯಾರ 34063ದು, ಹಗಲು ಪೂರ್ತಿ ಸರಿ. ರಾತ್ರಿ ಡಿಮ್ ಮಾಡಿದ ತಕ್ಷಣ ಕೀಂ... ಅಂತ ಸಣ್ಣಗೆ ಕೂಗುತ್ತೆ. ನಮ್ಮನೆಯವರಿಗೆ ಕೇಳ್ಸೋದೇ ಇಲ್ಲ, ನನಗೆ ನಿದ್ದೆ ಇಲ್ಲ. ಕೆಪಾಸಿಟರಾ, ಇಂಡಕ್ಟರಾ?

ಓಮ್_ಶಾಂತಿ:
ಕೂಗೋದು ಇಂಡಕ್ಟರ್, ಕಾರಣ ಲೋಡ್. ಲೋಡ್ ಕಮ್ಮಿ ಆದಾಗ 34063 ಪಲ್ಸ್‌ಗಳನ್ನ ಬಿಟ್ಟು ಬಿಟ್ಟು ಕೊಡುತ್ತೆ. ಆ ಗುಂಪುಗಳ ಲಯ ಕಿವಿಗೆ ಕೇಳೋ ಮಟ್ಟಕ್ಕೆ ಇಳಿಯುತ್ತೆ. ಡಿಮ್ಮಿಂಗ್ ಹೇಗೆ ಮಾಡ್ತೀರಿ? ಪಿಡಬ್ಲ್ಯುಎಂ (ಟ್ಯೂಬನ್ನ ಬೇಗ ಬೇಗ ಆನ್ ಆಫ್ ಮಾಡಿ ಬೆಳಕು ಕಮ್ಮಿ ಮಾಡೋದು) ಆದ್ರೆ ಅದರ ಫ್ರೀಕ್ವೆನ್ಸಿ 100–200 ಹರ್ಟ್ಸ್‌ಗೆ ಇಳಿಸಿ ನೋಡಿ. ಇಂಡಕ್ಟರಿನ ಸುತ್ತು ಸಡಿಲ ಇದ್ರೆ ವಾರ್ನಿಷ್ ಇಲ್ಲಾ ಎಪಾಕ್ಸಿ ಹಾಕಿ. ಸೆರಾಮಿಕ್ ಕೆಪಾಸಿಟರ್ ಕೂಡ ಹಾಡುತ್ತೆ, ಔಟ್‌ಪುಟ್ಟಲ್ಲಿ ಅದಿದ್ರೆ ಫಿಲ್ಮ್ ಕೆಪಾಸಿಟರ್ ಹಾಕಿ.

ಗ್ಲೋ_ಗೌರಿ:
ಪಿಡಬ್ಲ್ಯುಎಂ 1 ಕಿಲೋಹರ್ಟ್ಸ್ ಇತ್ತು. 120ಕ್ಕೆ ಇಳಿಸಿದೆ, ಈಗ ಕಿವಿ ಹತ್ರ ಹಿಡಿದ್ರೆ ಮಾತ್ರ ಕೇಳುತ್ತೆ. ಥ್ಯಾಂಕ್ಯೂ!! ಇನ್ನೊಂದು, ರಾತ್ರಿ ಒಂದು ಹೊತ್ತಲ್ಲಿ ಎಲ್ಲಾ ಟ್ಯೂಬಲ್ಲೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕೆ ಓಡಿಸೋ ಕೋಡ್ ಹಾಕ್ಕೊಳ್ಳಿ ಎಲ್ಲರೂ. ಗಂಟೆಯ ಹತ್ತರ ಸ್ಥಾನದಲ್ಲಿ ಉರಿಯೋದೇ 0, 1, 2. ಉಳಿದವು ಉರೀದೇ ಉರೀದೇ ಮೇಲೆ ಲೋಹದ ಪುಡಿ ಕೂತು, ಆಮೇಲೆ ಬೇಕಾದಾಗ ತೇಪೆ ತೇಪೆಯಾಗಿ ಹೊತ್ತುತ್ತವೆ.

ರೆಡಿಮೇಡ್_ರಾಜು:
ನೋಡಿ, ಇದಕ್ಕೇ ನಾನು ಮಾಡ್ಯೂಲ್ ಅಂದಿದ್ದು. ಕೂಗಲ್ಲ, ಕಾಯಲ್ಲ.

ಗ್ಲೋ_ಗೌರಿ:
ಮಾಡ್ಯೂಲ್ ಕೆಟ್ರೆ ಏನ್ ಮಾಡ್ತೀರ ರಾಜು ಅವ್ರೇ?

ರೆಡಿಮೇಡ್_ರಾಜು:
ಇನ್ನೊಂದು ಮಾಡ್ಯೂಲ್ 😎

ಕರಾವಳಿ_ಕಪ್ಪೆಸಿಟರ್:
ಮನೆಯಲ್ಲಿ ಮಕ್ಕಳು ಇದ್ರೆ ಎರಡು ಕೆಲಸ ಮಾಡಿ. ಔಟ್‌ಪುಟ್ ಕೆಪಾಸಿಟರಿಗೆ ಅಡ್ಡವಾಗಿ 470ಕೆ ರೆಸಿಸ್ಟರ್, ಆಫ್ ಮಾಡಿದ ಹತ್ತು ಸೆಕೆಂಡಿನೊಳಗೆ ಎಲ್ಲ ಇಳಿದು ಹೋಗ್ತದೆ. ಮತ್ತೆ 12 ವೋಲ್ಟ್ ಲೈನಿನಲ್ಲಿ ಒಂದು 1 ಆಂಪ್ ಫ್ಯೂಸ್. ಬೂಸ್ಟಿಗೆ ಶಾರ್ಟ್ ಪ್ರೊಟೆಕ್ಷನ್ ಅಂತ ಇಲ್ಲ. ಐಸಿ ಆಫ್ ಆದ್ರೂ ಇನ್‌ಪುಟ್ಟಿಂದ ಇಂಡಕ್ಟರ್, ಡಯೋಡ್ ದಾಟಿ ಔಟ್‌ಪುಟ್ಟಿಗೆ ದಾರಿ ತೆರೆದೇ ಇರ್ತದೆ. ಔಟ್‌ಪುಟ್ ಶಾರ್ಟ್ ಆದ್ರೆ ಅಡಾಪ್ಟರೇ ಶಾರ್ಟ್ ಆದ ಹಾಗೆ.

ಅಳೆಯುವಾಗ ಒಂದು ಕೈ ಕಿಸೆಯಲ್ಲಿ ಇರ್ಲಿ, ಉಂಗುರ ತೆಗ್ದಿಡಿ.

ತುಮಕೂರು_ಟ್ಯೂಬ್‌ಲೈಟ್:
ತೀರ್ಮಾನ ಮಾಡ್ದೆ. ಗಡಿಯಾರಕ್ಕೆ ಈಗ ಸಣ್ಣ ನಿಕ್ಸಿ ಮಾಡ್ಯೂಲ್, ಎಷ್ಟು ತಿರುಗಿಸಿದ್ರೂ 235 ವೋಲ್ಟ್ ದಾಟದೇ ಇರೋದು, 180ಕ್ಕೆ ಹೊಂದಿಸ್ತೀನಿ. ಪಕ್ಕದಲ್ಲಿ ಪೇಡಾ ಅವರ 34063 ಸರ್ಕ್ಯೂಟನ್ನ ಝೀರೋ ಬೋರ್ಡ್ (ತೂತು ತೂತಿನ ಬೋರ್ಡ್) ಮೇಲೆ ಬೆಸುಗೆ ಹಾಕಿ, 12ಕೆ ಲೋಡ್ ಇಟ್ಟು ಓಡಿಸಿ ನೋಡ್ತೀನಿ. ಅದು ತಣ್ಣಗೆ ನಡೆದ್ರೆ ಮಾಡ್ಯೂಲ್ ತೆಗೆದು ಅದನ್ನೇ ಹಾಕ್ತೀನಿ.

ಪೇಡಾ_ನಗರಿ:
ಶಾಣ್ಯಾ ಅದೀರಿ. ಆ ಪಿಎನ್‌ಪಿ ಮರೀಬ್ಯಾಡ್ರಿ.

ದೊಡ್ಡ_ಅಂಕೆ:
ಥ್ರೆಡ್ ಹೈಜಾಕ್ ಮಾಡ್ತಿದ್ದೀನಿ. ನನ್ನ ಹತ್ರ ಐಎನ್-18 ಅನ್ನೋ ದೊಡ್ಡ ನಿಕ್ಸಿ ಟ್ಯೂಬ್ ಆರು ಇವೆ. ಇದೇ 34063 ನಡೆಯುತ್ತಾ?

ಸ್ವಿಚಿಂಗ್_ಸೀನಪ್ಪ:
ಐಎನ್-18 ಆರು ಇಟ್ಕೊಂಡು 34063 ಕೇಳ್ತೀರಲ್ಲ ಸ್ವಾಮಿ, ಟ್ಯೂಬಿಗೆ ಕೊಟ್ಟ ದುಡ್ಡು ನೆನಪಿಸ್ಕೊಳ್ಳಿ. ಒಂದಕ್ಕೆ 6 ಮಿಲಿಆಂಪ್ ಹಿಡಿದ್ರೂ 36 ಮಿಲಿಆಂಪ್, 185 ವೋಲ್ಟಿಗೆ 6.7 ವ್ಯಾಟ್. ಇನ್‌ಪುಟ್ಟಲ್ಲಿ 8 ವ್ಯಾಟ್ ಮೇಲೆ. ಅದೇ 100 ಮೈಕ್ರೋಹೆನ್ರಿ, 60 ಕಿಲೋಹರ್ಟ್ಸ್ ಅಂದ್ರೆ ಪೀಕ್ ಕರೆಂಟ್ 1.7 ಆಂಪ್ ಹತ್ರ, ಸುತ್ತಿನಲ್ಲಿ ಉಸಿರಾಡೋಕೆ ಜಾಗ ಇಲ್ಲ. ಮ್ಯಾಕ್ಸ್1771 ಇಲ್ಲಾ ಯುಸಿ3843 ಕಂಟ್ರೋಲರ್ ಐಸಿ, 12 ವೋಲ್ಟ್ 2 ಆಂಪ್ ಅಡಾಪ್ಟರ್, ಐಆರ್‌ಎಫ್644, 3 ಆಂಪ್ ಇಂಡಕ್ಟರ್.

ದೊಡ್ಡ_ಅಂಕೆ:
ಯುಸಿ3843 ಮನೇಲೇ ಇದೆ, ಹಳೇ ಎಸ್‌ಎಂಪಿಎಸ್‌ನದು. 8 ಪಿನ್ ಅಲ್ವಾ?

ಸ್ವಿಚಿಂಗ್_ಸೀನಪ್ಪ:
ಹೌದು. ನಂಬರ್ ಸರಿಯಾಗಿ ನೋಡಿ, 3842 ಆದ್ರೆ 16 ವೋಲ್ಟ್ ಬರೋವರೆಗೆ ಎದ್ದೇಳೋದೇ ಇಲ್ಲ. 3843 ಎಂಟೂವರೆಗೇ ಏಳುತ್ತೆ. 3845 ಬೇಡ, ಅದರ ಡ್ಯೂಟಿ (ಒಂದು ಸುತ್ತಿನಲ್ಲಿ ಆನ್ ಇರೋ ಪಾಲು) 50 ಪರ್ಸೆಂಟ್ ದಾಟಲ್ಲ.

ದೊಡ್ಡ_ಅಂಕೆ:
ಭೂತಗನ್ನಡಿ ಹಾಕಿ ನೋಡ್ದೆ. 3842.

ಹೊಗೆ_ಬಂತು:
ನಡೀರಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ಹೋಗಿ.